ಎರಡನೆಯ ಬ್ಯಾಟರಿ

ಈ ಮಾರ್ಚಿಗೆ ನಮ್ಮ ಶಾಲೆಯ ಅಡುಗೆಯ ಶಂಕ್ರೆವ್ವನಿಗೆ ಅರವತ್ತು ತುಂಬಿತು. ಅರವತ್ತಾದವರು ಬಿಸಿಯೂಟದ ಒಲೆಯ ಮುಂದೆ ನಿಲ್ಲುವಂತಿಲ್ಲ, ಸರಕಾರದ ನಿಯಮ. ಊರವರು ಸೇರಿ ಬೀಳ್ಕೊಡುಗೆ ಇಟ್ಟುಕೊಂಡರು. ಸಭೆಯಲ್ಲಿ ಓದಲು ಆಕೆಯ ಪರಿಚಯ ಒಂದು ಪುಟ ಬರೆಯಬೇಕೆಂದು ಶೈಲಶ್ರೀ ಟೀಚರ್ ನನಗೇ ಗಂಟುಬಿದ್ದರು. ನಾನು ಹೆಡ್ ಮಾಸ್ತರ, ಆಕೆಯ ಕೈಯ ಅನ್ನವನ್ನು ಉಳಿದ ಮಾಸ್ತರರಿಗಿಂತ ಹೆಚ್ಚು ವರ್ಷ ಉಂಡವನು, ಬರೆಯಲು ನನಗಿಂತ ಯೋಗ್ಯರು ಯಾರಿದ್ದಾರೆ ಎಂಬುದು ಅವರ ವಾದ. ನನಗಿಂತ ಅಯೋಗ್ಯರು ಯಾರೂ ಇಲ್ಲವೆಂಬುದು ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು.

ಬರೆದೆ. ಕಾಯಕನಿಷ್ಠೆ, ಮಾತೃಹೃದಯ, ಅನ್ನಪೂರ್ಣೆ, ಇಂಥ ಮಾತೆಲ್ಲ ಆ ಪುಟದಲ್ಲಿವೆ. ಒಂದೂ ಸುಳ್ಳಲ್ಲ. ಆದರೆ ನಿಜವಾಗಿ ಬರೆಯಬೇಕಾದದ್ದು ಅಲ್ಲಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಶಾಲೆಯಿರುವ ಊರು ದೇವರ ಹಿಪ್ಪರಗಿಯಿಂದ ಮುಕ್ಕಾಲು ಗಂಟೆಯ ದಾರಿ, ಬಸ್ಸು ಬಂದರೆ. ನಾನು ಗುರುನಾಥ, ಇಂಡಿ ತಾಲೂಕಿನ ಲಚ್ಯಾಣದವನು. ಸಿಂದಗಿಯಲ್ಲಿ ಬಾಡಿಗೆ ಮನೆ ಹಿಡಿದು ದಿನಾ ಈ ಊರಿಗೆ ಹೋಗಿಬರುವ ಮಾಸ್ತರ. ನಡುವೆ ಏಳು ವರ್ಷ ಬೇರೆ ಶಾಲೆಗಳಲ್ಲಿದ್ದು ಮತ್ತೆ ಇಲ್ಲಿಗೇ ಬಂದೆ. ಏಕೆ ಬಿಟ್ಟು ಹೋದೆ ಎಂಬುದು ಮುಂದೆ ತಿಳಿಯುತ್ತದೆ.

ಶಂಕ್ರೆವ್ವ ಹುಟ್ಟಿದ್ದು ಮುದ್ದೇಬಿಹಾಳ ತಾಲೂಕಿನಲ್ಲಿ. ಹದಿನೇಳಕ್ಕೆ ಮಡಿವಾಳಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಅವನಿಗೆ ಹೊಲ ಇರಲಿಲ್ಲ, ಒಂದು ತಳ್ಳುಬಂಡಿ ಇತ್ತು. ಅದರ ಮೇಲೆ ಪೀಪಾಯಿ ಇಟ್ಟುಕೊಂಡು ಊರಬಾವಿಯಿಂದ ಮನೆಮನೆಗೆ ನೀರು ಹಾಕುತ್ತಿದ್ದ. ಒಬ್ಬಳೇ ಮಗಳು ಹೊನ್ನವ್ವ. ಅವಳನ್ನು ತಿರುಗಿ ಮುದ್ದೇಬಿಹಾಳದ ಕಡೆಗೇ ಕೊಟ್ಟರು. ಬಿಸಿಯೂಟ ಶುರುವಾದ ವರ್ಷ ಶಂಕ್ರೆವ್ವ ಅಡುಗೆಗೆ ಸೇರಿದಳು. ಅಂದಿನಿಂದ ದಿನಾ ಬೆಳಗ್ಗೆ ಮಡಿವಾಳಪ್ಪನ ಬಂಡಿಯ ಮೊದಲ ಪೀಪಾಯಿ ಶಾಲೆಗೆ. ದುಡ್ಡು ಕೊಡಲು ಹೋದರೆ, ‘ನನ್ನ ಹೇಣ್ತಿ ಒಲಿಗೆ ನಾ ನೀರ ಹಾಕಾಕ ರೊಕ್ಕ ಯಾಕ್ರಿ’ ಎನ್ನುತ್ತಿದ್ದ.

ಶಂಕ್ರೆವ್ವನಿಗೆ ಓದು ಬರಹ ಬಾರದು. ಮಕ್ಕಳ ನೂರಾ ನಲವತ್ತು ತಾಟು ತೊಳೆದು ಬಿಸಿಲಿಗೆ ಬೋರಲು ಹಾಕಿರುತ್ತಿದ್ದಳು. ಪ್ರತಿ ತಾಟಿನ ಮೇಲೂ ಹೆಸರು ಕೊರೆಸಿತ್ತು, ಆಕೆಗೆ ಅದು ಬೇಕಿರಲಿಲ್ಲ. ಯಾವುದು ತಗ್ಗುಬಿದ್ದಿದೆ, ಯಾವುದರ ಅಂಚು ಮುರಿದಿದೆ, ಯಾವುದಕ್ಕೆ ಎಷ್ಟು ಗೀರು, ಅಷ್ಟೇ ಸಾಕು. ಒಮ್ಮೆ ಸುನೀಲಕುಮಾರನೆಂಬ ಹುಡುಗ ಬೇರೆಯವರ ತಾಟು ಹಿಡಿದು ಸಾಲಿನಲ್ಲಿ ನಿಂತಾಗ ಸೌಟು ಎತ್ತಿ ಹಿಡಿದು, ‘ಅದು ಸುಮಂಗಲಾಂದು, ಬುಡಕ ಗೀರ ಐತಿ ನೋಡ. ನಿಂದು ನುಣ್ಣಂದು’ ಎಂದಳು. ತಿರುಗಿಸಿ ನೋಡಿದರೆ ಹೌದು. ಮಾಸ್ತರರೆಲ್ಲ ನಕ್ಕೆವು, ನಾನೂ ನಕ್ಕೆ. ಆ ಮಾತನ್ನು ನಾನು ಆಗಲೇ ಗಟ್ಟಿಯಾಗಿ ತಲೆಗೆ ಹಾಕಿಕೊಳ್ಳಬೇಕಿತ್ತು.

ಎರಡು ಸಾವಿರದ ಹತ್ತು, ದಸರೆಯ ಮುಂದೆ. ಬಿಸಿಯೂಟ, ಸಮವಸ್ತ್ರ, ಸಸಿ ನೆಡುವುದು ಎಲ್ಲಕ್ಕೂ ಮೇಲಿನವರು ಫೋಟೋ ಕೇಳತೊಡಗಿದ್ದರು. ಪ್ರತಿ ಸಲ ಹಿಪ್ಪರಗಿಯ ಫೋಟೋದವನನ್ನು ಕರೆಸಿ ಸಾಕಾಗಿ, ಶಾಲೆಗೇ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಕೊಳ್ಳೋಣವೆಂದು ಆಗಿನ ಹೆಡ್ ಮಾಸ್ತರ ಬಸಂತರಾಯ ಸರ್ ಠರಾವು ಮಾಡಿಸಿದರು. ತರುವ ಕೆಲಸ ನನ್ನದು. ಬಿಜಾಪುರಕ್ಕೆ ಹೋದೆ. ಅಂಗಡಿಯವನು ಡಬ್ಬಿ ಬಿಚ್ಚಿ ಒಂದೊಂದೇ ಗಾಜಿನ ಮೇಲೆ ಇಟ್ಟ. ಅಂಗೈಯಲ್ಲಿ ಹಿಡಿಸುವ ಬೆಳ್ಳಿ ಬಣ್ಣದ ಕ್ಯಾಮೆರಾ, ಗುಂಡಿ ಒತ್ತಿದರೆ ಗುರ್ ಎಂದು ಮೂತಿ ಹೊರಗೆ ಬರುತ್ತದೆ, ಐದು ಪಟ್ಟು ಝೂಮ್. ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಬ್ಯಾಟರಿ. ಅದನ್ನು ಕೂಡಿಸುವ ಚಾರ್ಜರ್. ಕಂಪ್ಯೂಟರಿಗೆ ಹಚ್ಚುವ ಕೇಬಲ್, ಮಣಿಕಟ್ಟಿಗೆ ಹಾಕಿಕೊಳ್ಳುವ ದಾರ, ಒಂದು ಸಿಡಿ, ಹತ್ತು ಭಾಷೆಯ ಪುಸ್ತಕ. ಹತ್ತರಲ್ಲಿ ಕನ್ನಡ ಇರಲಿಲ್ಲ. ಒಂದು ಸಲ ಚಾರ್ಜ್ ಮಾಡಿದರೆ ಇನ್ನೂರ ಮೂವತ್ತು ಫೋಟೋ ಎಂದು ಬರೆದಿತ್ತು. ‘ಬರದಿದ್ದು ಅಷ್ಟರಿ ಸರ, ಫ್ಲ್ಯಾಶ್ ಹೊಡದು, ಝೂಮ್ ಮಾಡಿ, ತಗದಿದ್ದನ್ನ ತಗದು ತಗದು ನೋಡಿದ್ರ ನೂರರ ಮ್ಯಾಲ ಬರೂದಿಲ್ಲ’ ಎಂದು ಅಂಗಡಿಯವನು ಖರೆ ಮಾತು ಹೇಳಿದ. ಕೊನೆಗೆ ಡ್ರಾವರ್ ಎಳೆದು ಹಬ್ಬದ ಉಡುಗೊರೆ ಎಂದು ಮೂರು ಸಾಮಾನು ಇಟ್ಟ. ಒಂದು ಮೆಮರಿ ಕಾರ್ಡು, ಒಂದು ಚೀಲ, ಇನ್ನೊಂದು ಬ್ಯಾಟರಿ.

ಬಿಲ್ಲಿನಲ್ಲಿ ಈ ಮೂರೂ ಇರಲಿಲ್ಲ. ಕಾರ್ಡು, ಚೀಲ ಶಾಲೆಗೆ ಕೊಟ್ಟೆ. ಬ್ಯಾಟರಿ ಕೊಡಲಿಲ್ಲ. ಬಸ್ಸು ಹಿಪ್ಪರಗಿ ಮುಟ್ಟುವಷ್ಟರಲ್ಲಿ ಅದು ನನ್ನ ಕೈಚೀಲದ ಒಳಖಾನೆ ಸೇರಿತ್ತು. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ. ನನ್ನ ಮಗಳು ಸಾಕ್ಷಿಯ ಮೊದಲ ಹುಟ್ಟುಹಬ್ಬ ಎರಡು ವಾರದಲ್ಲಿತ್ತು. ‘ಫೋಟೋ ಕಂಪ್ಯೂಟರಿಗೆ ಹಾಕುತ್ತೇನೆ’ ಎಂದು ಕ್ಯಾಮೆರಾ ಮನೆಗೆ ತರುವುದು, ಈ ಬ್ಯಾಟರಿ ಹಾಕಿ ಮನದಣಿಯೆ ಫೋಟೋ ಹೊಡೆಯುವುದು, ಸೋಮವಾರ ಶಾಲೆಯ ಬ್ಯಾಟರಿಯನ್ನು ಇದ್ದಷ್ಟೇ ಚಾರ್ಜಿನಲ್ಲಿ ತಿರುಗಿ ಹಾಕಿ ಕೊಡುವುದು. ಯಾರಿಗೂ ಗುಮಾನಿ ಬರುವುದಿಲ್ಲ. ದಾಸ್ತಾನು ಪುಸ್ತಕದಲ್ಲಿ ನಾನೇ ದುಂಡಗಿನ ಅಕ್ಷರದಲ್ಲಿ ಬರೆದೆ: ಕ್ಯಾಮೆರಾ ಒಂದು, ಬ್ಯಾಟರಿ ಒಂದು, ಚಾರ್ಜರ್ ಒಂದು.

ಹುಟ್ಟುಹಬ್ಬ ಮುಗಿಯಿತು. ಆಗಲೇ ತಿರುಗಿ ಕೊಟ್ಟುಬಿಡಬಹುದಿತ್ತು. ‘ಸರ್, ಚೀಲದ ಮೂಲೆಯಲ್ಲಿ ಉಳಿದುಬಿಟ್ಟಿತ್ತು’ ಎಂದರೆ ಬಸಂತರಾಯ ಸರ್ ನಕ್ಕು ಸುಮ್ಮನಾಗುತ್ತಿದ್ದರು. ಕೊಡಲಿಲ್ಲ. ಅಷ್ಟರಲ್ಲಿ ನನಗೆ ‘ಕ್ಯಾಮೆರಾ ಮಾಸ್ತರ’ ಎಂಬ ಹೆಸರು ಬಿದ್ದಿತ್ತು. ಬಳಗದವರ ತೊಟ್ಟಿಲು, ಬಸುರಿಯರ ಕುಪ್ಪಸ, ನಿಶ್ಚಯ ಎಲ್ಲಕ್ಕೂ ನನಗೆ ಕರೆ. ಮಣಿಕಟ್ಟಿಗೆ ದಾರ ಸುತ್ತಿಕೊಂಡು, ‘ಸ್ವಲ್ಪ ಗದ್ದ ಎತ್ತರಿ’ ಎಂದು ದೊಡ್ಡದೊಡ್ಡವರಿಗೆ ಅಪ್ಪಣೆ ಕೊಡುವ ರುಚಿ ಹತ್ತಿಬಿಟ್ಟಿತ್ತು.

ಒಂದು ತೊಡಕಿತ್ತು. ಬ್ಯಾಟರಿ ಎರಡು, ಚಾರ್ಜರ್ ಒಂದೇ. ಅದು ಶಾಲೆಯ ಕಪಾಟಿನಲ್ಲಿ. ಶಾಲೆಗೆ ಕರೆಂಟು ಬರುವುದು ಬೆಳಗ್ಗೆ ಆರರಿಂದ ಎಂಟರವರೆಗೆ, ಆಮೇಲೆ ದೇವರಿಚ್ಛೆ. ಆ ಹೊತ್ತಿಗೆ ಶಾಲೆಯಲ್ಲಿ ಇರುತ್ತಿದ್ದದ್ದು ಶಂಕ್ರೆವ್ವ ಒಬ್ಬಳೇ. ಹೀಗಾಗಿ ಶಾಲೆಯ ಬ್ಯಾಟರಿಯನ್ನೂ ಆಕೆಯ ಕೈಗೇ ಕೊಡುತ್ತಿದ್ದೆ, ನನ್ನದನ್ನೂ ಆಕೆಯ ಕೈಗೇ. ಎರಡನ್ನೂ ಒಟ್ಟಿಗೆ ಕೊಡುತ್ತಿರಲಿಲ್ಲ, ಅಷ್ಟು ಜಾಣತನ ಇತ್ತು. ಇವತ್ತು ಒಂದು, ನಾಳಿದ್ದು ಇನ್ನೊಂದು. ಕೆಂಪು ದೀಪ ಹಸಿರಾದ ಮೇಲೆ ತೆಗೆದು ಸೆರಗಿನಲ್ಲಿ ಒರೆಸಿ, ನಾನು ಬಂದ ಕೂಡಲೇ ‘ಹಸರ ಆತ್ರಿ ಸರ’ ಎಂದು ಕೈಗೆ ಕೊಡುತ್ತಿದ್ದಳು. ಓದು ಬಾರದ ಹೆಂಗಸು, ಆಕೆಗೆ ಎಲ್ಲ ಬ್ಯಾಟರಿಯೂ ಒಂದೇ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದು ಕದ್ದದ್ದಕ್ಕಿಂತ ಹೆಚ್ಚಿನ ತಪ್ಪೆಂದು ಈಗ ಅನ್ನಿಸುತ್ತದೆ.

ಜನವರಿ ಇಪ್ಪತ್ತಾರರಂದು ತಾಲೂಕಿನ ಅಧಿಕಾರಿಗಳು ಧ್ವಜಾರೋಹಣಕ್ಕೆ ಬಂದಿದ್ದರು. ಅವರ ಭಾಷಣದ ನಡುವೆಯೇ ಕ್ಯಾಮೆರಾ ಕಣ್ಣು ಮುಚ್ಚಿತು. ಅಂದು ನನ್ನ ಬ್ಯಾಟರಿ ಮನೆಯಲ್ಲಿತ್ತು. ಸಭೆ ಮುಗಿದ ಮೇಲೆ ಬಸಂತರಾಯ ಸರ್ ಎಲ್ಲ ಮಾಸ್ತರರ ಮುಂದೆ ಕೇಳಿದರು.

‘ಗುರುನಾಥ, ಡಬ್ಬ್ಯಾಗ ಇನ್ನೊಂದ ಬ್ಯಾಟ್ರಿ ಬರೂದಿಲ್ಲೇನ್ರಿ?’

‘ಇಲ್ಲರಿ ಸರ್. ಕಂಪನಿಯವ್ರು ಒಂದಾ ಕೊಡ್ತಾರ.’

‘ಅಂಗಡ್ಯಾವ ಸೈತ ಕೊಡ್ಲಿಲ್ಲ?’

‘ಎಲ್ಲಿ ಕೊಡ್ತಾನ್ರಿ ಸರ್, ಕಾರ್ಡ ಕೊಟ್ಟಿದ್ದಾ ಹೆಚ್ಚು.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅವರು ಕಳ್ಳ ಎಂದೂ ಅನ್ನಲಿಲ್ಲ, ನನ್ನ ಕೈ ಮಾತ್ರ ತಾನಾಗಿ ಖಾಲಿ ಕಿಸೆಯ ಕಡೆಗೆ ಹೋಗಿತ್ತು. ಅಂದು ಚಹಾ ತಂದುಕೊಟ್ಟವಳು ಶಂಕ್ರೆವ್ವ. ಈ ಮಾತು ಆಕೆಯ ಕಿವಿಗೂ ಬಿದ್ದಿರಬೇಕು. ಅದನ್ನು ನಾನು ಆಗ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅದೇ ದಿನ, ದೇವರಿಚ್ಛೆಗೆ ಮಧ್ಯಾಹ್ನ ಕರೆಂಟು ಬಂದು ಚಾರ್ಜಿಗೆ ಹಾಕಿದ ಬ್ಯಾಟರಿ ತುಂಬಿದ ಮೇಲೆ, ಶಂಕ್ರೆವ್ವ ನನ್ನ ಹತ್ತಿರ ಒಂದು ಬೇಡಿಕೆ ಇಟ್ಟಳು. ಅಷ್ಟು ವರ್ಷದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ.

‘ಸರ, ನಮ್ದೂ ಒಂದ ಫೋಟೋ ತಗೀರಲ್ಲ. ಲಗ್ನದಾಗೂ ತಗಸಿಲ್ಲ. ನಾನೂ ಅವ್ರೂ.’

ಮಡಿವಾಳಪ್ಪನನ್ನು ಕರೆದೆವು. ಅವನು ಬಂಡಿಯ ಹಿಡಿಕೆ ಬಿಡಲಿಲ್ಲ. ಕ್ಯಾಮೆರಾದ ಮೂತಿ ಹೊರಗೆ ಬಂದದ್ದು ನೋಡಿ ಪೀಪಾಯಿಯ ಹಿಂದೆ ಸರಿದು ನಿಂತ. ‘ಈಗ ಬ್ಯಾಡ್ರಿ ಸರ. ಹೊನ್ನಿ ಬರ್ಲಿ, ಮೂವರೂ ಕೂಡೇ ತಗಸ್ತೇವಿ’ ಎಂದ.

‘ಆತು, ಮಗಳು ಬರ್ಲಿ. ಬಂದ ದಿನಾ ನಾ ತಗೀತೇನಿ’ ಎಂದು ಮಾತು ಕೊಟ್ಟೆ.

ಮಾರ್ಚ್ ಕೊನೆಯ ಶನಿವಾರ, ಬೆಳಗಿನ ಶಾಲೆ. ಎಂಟಕ್ಕೆ ನಾನು ಹೋದಾಗ ಶಂಕ್ರೆವ್ವ, ‘ಹಸರ ಆತ್ರಿ ಸರ’ ಎಂದು ಬ್ಯಾಟರಿ ಕೈಗಿತ್ತಳು. ಅದು ನನ್ನದು. ಮರುದಿನ ಭಾನುವಾರ ಬಳಗದಲ್ಲಿ ಒಂದು ತೊಟ್ಟಿಲ ಕಾರ್ಯಕ್ರಮವಿತ್ತು. ಪ್ಯಾಂಟಿನ ಕಿಸೆಗೆ ಇಳಿಸಿದೆ. ಒಂಬತ್ತಕ್ಕೆ ಮಡಿವಾಳಪ್ಪ ಎರಡನೆಯ ಪೀಪಾಯಿ ತಂದ. ಬಂಡಿ ನಿಲ್ಲಿಸಿ ಅಡುಗೆ ಕೋಣೆಯ ಕಟ್ಟೆಗೆ ಕೂತ, ನೀರು ಕೇಳಿದ. ಶಂಕ್ರೆವ್ವ ತಂಬಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದ. ಅಷ್ಟೇ. ಮತ್ತೆ ಏಳಲಿಲ್ಲ.

ಇಲ್ಲಿಯವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹೊಸ ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಬದುಕಿದ್ದವರ ಹಾಗೆ ಕೂಡಿಸುತ್ತಾರೆ. ಕೊರಳ ತುಂಬ ಹೂವು. ಮನೆಯವರು ಆಚೆ ಈಚೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲಿರುವುದು ಆ ಫೋಟೋ ಒಂದೇ. ಸತ್ತವರ ಕಣ್ಣು ಮುಚ್ಚಿರುತ್ತವೆ, ಉಳಿದವರ ಕಣ್ಣು ಊದಿಕೊಂಡಿರುತ್ತವೆ, ಆದರೂ ಎಲ್ಲರೂ ಒಟ್ಟಿಗೆ ಇರುತ್ತಾರೆ.

ಶಾಲೆ ಬಿಟ್ಟು ಎಲ್ಲರೂ ಅವನ ಮನೆಗೆ ಹೊರಟೆವು. ‘ಕ್ಯಾಮೆರಾ ತಗೋರಿ’ ಎಂದರು ಬಸಂತರಾಯ ಸರ್. ಕ್ಯಾಮೆರಾದಲ್ಲಿ ಶಾಲೆಯ ಬ್ಯಾಟರಿ ಇತ್ತು, ಅರ್ಧಕ್ಕಿಂತ ಮೇಲೆ ತೋರಿಸುತ್ತಿತ್ತು. ಕರೆಂಟು ಎಂಟಕ್ಕೇ ಹೋಗಿತ್ತು, ಸಂಜೆಯವರೆಗೆ ಬರುವ ಹಾಗಿರಲಿಲ್ಲ.

ಹೊನ್ನವ್ವನಿಗೆ ಸುದ್ದಿ ಮುಟ್ಟಿತ್ತು. ಆಕೆ ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಹಿಪ್ಪರಗಿಗೆ ಬಂದು, ಅಲ್ಲಿಂದ ಮತ್ತೆ ಇಲ್ಲಿಗೆ ಬರಬೇಕು. ಸಂಜೆ ಹೊತ್ತು ಮುಳುಗುವುದರೊಳಗೆ ಮಣ್ಣು ಎಂದು ಹಿರಿಯರು ನಿಶ್ಚಯಿಸಿದರು. ಬಳಗದವರು ಶಂಕ್ರೆವ್ವನನ್ನು ಫೋಟೋಕ್ಕೆ ಕೂಡು ಎಂದರೆ ಆಕೆ ತಲೆಯಾಡಿಸಿದಳು. ‘ಹೊನ್ನಿ ಬರ್ಲಿ. ಮೂವರೂ ಕೂಡತೇವಿ. ಅವ್ರೂ ಹಂಗಾ ಅಂದಿದ್ರು’ ಎಂದಳು.

ಮಗಳು ಬರುವವರೆಗೆ ನಾನು ಸುಮ್ಮನೆ ಕೂಡಬೇಕಿತ್ತು. ಕೂಡಲಿಲ್ಲ. ಒಬ್ಬೊಬ್ಬರೇ ಬಂದು, ‘ಸರ, ನಮ್ದೊಂದ’ ಎಂದರು. ದೂರದ ಸೋದರಮಾವ ಕೂತ, ಹೊಡೆದೆ. ಅವನು ಏಳುವ ಮೊದಲೇ ಪಂಚಾಯತಿ ಮೆಂಬರ್ ಧರೆಪ್ಪ ಹಾರ ತಂದ. ಹಾರ ಹಾಕುವಾಗ ಒಂದು, ಹಾಕಿದ ಮೇಲೆ ಒಂದು, ಝೂಮ್ ಮಾಡಿ ಒಂದು. ಭಜನೆಯವರ ತಂಡ. ಓಣಿಯ ಹೆಂಗಸರು. ಒಳಗೆ ಕತ್ತಲು, ಪ್ರತಿ ಸಲವೂ ಫ್ಲ್ಯಾಶ್. ಹೊಡೆದದ್ದನ್ನೆಲ್ಲ ‘ತೋರಸ್ರಿ’ ಎಂದು ಕೇಳುವರು, ನಾನು ತೋರಿಸುವವನು. ಹೇಳಿದ್ದೇನಲ್ಲ, ರುಚಿ ಹತ್ತಿತ್ತು. ಸಾವಿನ ಮನೆಯಲ್ಲೂ ನಾನು ಮಣಿಕಟ್ಟಿಗೆ ದಾರ ಸುತ್ತಿಕೊಂಡು ಮೆರೆಯುತ್ತಿದ್ದೆ. ಬ್ಯಾಟರಿಯ ಗುರುತು ಕೆಂಪಾದದ್ದು ನೋಡಿದೆ. ಇನ್ನೂ ಹತ್ತು ಬರುತ್ತವೆ ಬಿಡು, ಎಂದುಕೊಂಡೆ.

ನಾಲ್ಕೂವರೆಗೆ ಹೊನ್ನವ್ವ ಬಂದಳು. ಅತ್ತಳು, ಬಿದ್ದಳು, ಎಬ್ಬಿಸಿದರು. ಇನ್ನು ಹೊತ್ತಾಗುತ್ತದೆ ಎಂದು ಹಿರಿಯರು ಎಚ್ಚರಿಸಿದಾಗ ಶಂಕ್ರೆವ್ವ ಕಣ್ಣೊರೆಸಿ, ಸೆರಗು ಸರಿ ಮಾಡಿ, ಗಂಡನ ಎಡಕ್ಕೆ ಕೂತಳು. ಮಗಳನ್ನು ಬಲಕ್ಕೆ ಕೂಡಿಸಿದಳು. ವಾಲಿದ್ದ ರುಮಾಲನ್ನು ನೆಟ್ಟಗೆ ಮಾಡಿದಳು. ಆಮೇಲೆ ನನ್ನ ಕಡೆ ನೋಡಿದಳು. ‘ತಗೀರಿ ಸರ’ ಎಂದಳು.

ಗುಂಡಿ ಒತ್ತಿದೆ. ಪರದೆಯಲ್ಲಿ ಕೆಂಪು ಗುರುತು ಎರಡು ಸಲ ಮಿನುಗಿತು. ಗುರ್ ಎಂದು ಮೂತಿ ಒಳಗೆ ಹೋಯಿತು. ಕ್ಯಾಮೆರಾ ಆರಿತು.

ಮತ್ತೆ ಒತ್ತಿದೆ, ಇಲ್ಲ. ಬಸಂತರಾಯ ಸರ್ ಕ್ಯಾಮೆರಾ ಇಸಿದುಕೊಂಡು ತಳದ ಬಾಗಿಲು ತೆಗೆದು ಬ್ಯಾಟರಿ ಹೊರಗೆಳೆದರು. ಯಾರೋ ಊದಿ ನೋಡಿದರು. ಯಾರೋ ಬಿಸಿಲಿಗೆ ಹಿಡಿ ಎಂದರು. ಹಿಪ್ಪರಗಿಯ ಫೋಟೋದವನಿಗೆ ಫೋನು ಹಚ್ಚಿದರೆ ಅವನು ಬಾಗೇವಾಡಿ ಕಡೆ ಲಗ್ನದಲ್ಲಿದ್ದ. ಅಫ್ತಾಬ ಎಂಬುವನ ಮೊಬೈಲಿನಲ್ಲಿ ಕ್ಯಾಮೆರಾ ಇತ್ತು. ಅವನು ಪಾಪ ಒಂದು ತೆಗೆದ. ಆ ಕತ್ತಲೆ ಕೋಣೆಯಲ್ಲಿ ಮೂರು ಮಬ್ಬು ಆಕಾರ ಬಂದವು, ಮೂವರಲ್ಲಿ ಸತ್ತವರು ಯಾರು ಎಂಬುದೂ ಗೊತ್ತಾಗುತ್ತಿರಲಿಲ್ಲ. ಅವನೇ ನಾಚಿಕೊಂಡು ಮೊಬೈಲು ಕಿಸೆಗೆ ಹಾಕಿದ.

ನನ್ನ ಕಿಸೆಯಲ್ಲಿ ತುಂಬಿದ ಬ್ಯಾಟರಿ ಇತ್ತು. ಬೆಳಗ್ಗೆ ಶಂಕ್ರೆವ್ವನೇ ಕೈಗಿತ್ತದ್ದು. ತೊಡೆಗೆ ಒತ್ತುತ್ತಿತ್ತು.

ಬ್ಯಾಟರಿ ಕೈಯಿಂದ ಕೈಗೆ ಹೋಗಿ ಶಂಕ್ರೆವ್ವನ ಹತ್ತಿರ ಬಂತು. ‘ಸ್ವಲ್ಪ ಕಾವ ಕೊಟ್ರ ಬಂದೀತೇನ್ರಿ ಸರ’ ಎಂದು, ಕೂತಲ್ಲೇ ಅದನ್ನು ಎರಡು ಅಂಗೈ ನಡುವೆ ಇಟ್ಟು ತಿಕ್ಕತೊಡಗಿದಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈ. ತಿಕ್ಕುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ಕಿಸೆಗೆ ಕೈ ಹಾಕಿದೆ. ಬೆರಳು ಬ್ಯಾಟರಿಯನ್ನು ಹಿಡಿಯಿತು. ಪಕ್ಕದಲ್ಲಿ ಬಸಂತರಾಯ ಸರ್. ‘ಕಂಪನಿಯವ್ರು ಒಂದಾ ಕೊಡ್ತಾರ’ ಎಂದ ನನ್ನ ಮಾತು ಎರಡು ತಿಂಗಳು ಹಳೆಯದು. ಸುತ್ತ ಅರ್ಧ ಊರು, ನಾನು ಕಲಿಸಿದ ಮಕ್ಕಳು, ಅವರ ಅಪ್ಪ ಅವ್ವಂದಿರು. ಕೈ ಹೊರಗೆ ತೆಗೆದೆ. ಕೈಯಲ್ಲಿ ಕರವಸ್ತ್ರ ಇತ್ತು. ಮುಖ ಒರೆಸಿಕೊಂಡೆ.

ಶಂಕ್ರೆವ್ವ ತಿಕ್ಕುವುದನ್ನು ನಿಲ್ಲಿಸಿ ಬ್ಯಾಟರಿಯನ್ನು ನನಗೆ ಕೊಟ್ಟಳು. ಬೆಚ್ಚಗಿತ್ತು. ಹಾಕಿ ಗುಂಡಿ ಒತ್ತಿದರೆ ಮೂತಿ ಅರ್ಧ ಹೊರಗೆ ಬಂದು ತಿರುಗಿ ಒಳಗೆ ಸೇರಿತು. ಹಿರಿಯರು ಏಳಿರಿ ಎಂದರು. ಎತ್ತಿದರು.

ಮನೆಯ ಹಿಂದೆ ಹೋಗಿ ಸದ್ದಿಲ್ಲದೆ ಬದಲಿಸಿಕೊಂಡು ಬಂದು, ‘ಕಾವಿಗೆ ಬಂತು ನೋಡ್ರಿ’ ಎನ್ನಬಹುದಿತ್ತು. ಅಂಥ ಕಳ್ಳಬುದ್ಧಿ ಕೂಡ ಬೇಕಾದ ಹೊತ್ತಿಗೆ ಬರಲಿಲ್ಲ. ಸಿಂದಗಿಯಲ್ಲಿ ಬಸ್ಸಿನಿಂದ ಇಳಿಯುವಾಗ ಬಂತು. ಮನೆಯಲ್ಲಿ ಹೆಂಡತಿ, ನಾಳೆಯ ತೊಟ್ಟಿಲಿಗೆ ಕ್ಯಾಮೆರಾ ತಂದಿರಾ ಎಂದಳು. ತಂದಿಲ್ಲ ಎಂದು ಅವಳ ಮೇಲೆ ರೇಗಿದೆ. ಅವಳದೇನು ತಪ್ಪು.

ಆ ಬ್ಯಾಟರಿಯನ್ನು ಮತ್ತೆ ಎಂದೂ ಹಾಕಲಿಲ್ಲ, ಶಾಲೆಗೂ ಕೊಡಲಿಲ್ಲ. ಬೀರುವಿನ ಮೂಲೆಗೆ ಎಸೆದೆ. ಶಂಕ್ರೆವ್ವ ಹದಿನೈದು ದಿನಕ್ಕೆ ಕೆಲಸಕ್ಕೆ ಬಂದಳು. ದಿನಾ ಎದುರಾದಾಗ ‘ಬಂದ್ರೇನ್ರಿ ಸರ’ ಎನ್ನುವಳು. ಒಂದು ಅಗಳೂ ಕಡಿಮೆ ಬಡಿಸಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ವರ್ಗಾವಣೆ ಕೇಳಿ ಇಂಡಿ ತಾಲೂಕಿಗೆ ಹೋದೆ. ಮನೆಗೆ ಹತ್ತಿರವಾಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಹೋಗಿರಲೂ ಇಲ್ಲ, ಯಾರಿಗೂ ಏನೂ ಗೊತ್ತಿರಲಿಲ್ಲವಲ್ಲ. ಆದರೂ ಒಳಗೆ ಅದು ಇರಲಿಲ್ಲ. ಏಳು ವರ್ಷದ ನಂತರ ಬಡ್ತಿಯಲ್ಲಿ ಖಾಲಿ ಇದ್ದ ಜಾಗ ಇದೊಂದೇ. ಬಂದೆ. ಬಸಂತರಾಯ ಸರ್ ಅಷ್ಟರಲ್ಲಿ ತೀರಿಕೊಂಡಿದ್ದರು. ಶಂಕ್ರೆವ್ವ ಒಲೆಯ ಮುಂದೆಯೇ ಇದ್ದಳು.

ಪರಿಚಯ ಬರೆಯಲು ಊರು, ತವರು, ಇಸವಿ ಕೇಳಿ ಬರೆದುಕೊಳ್ಳಬೇಕೆಂದು ಬೀಳ್ಕೊಡುಗೆಯ ಹಿಂದಿನ ದಿನ ಆಕೆಯ ಮನೆಗೆ ಹೋದೆ. ಆ ದಿನದ ನಂತರ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಎದುರು ಗೋಡೆಯ ಮೇಲೆ ಒಂದು ಫೋಟೋ, ಮಾಲೆ ಹಾಕಿತ್ತು. ನಾನೇ ತೆಗೆದದ್ದು. ನಡುವೆ ರುಮಾಲು ಸುತ್ತಿ ಕೂತ ಮಡಿವಾಳಪ್ಪ. ಎಡಕ್ಕೆ ದೂರದ ಸೋದರಮಾವ, ಬಲಕ್ಕೆ ಪಂಚಾಯತಿ ಮೆಂಬರ್ ಧರೆಪ್ಪ. ಧರೆಪ್ಪನ ಮುಖ ಎಲ್ಲರಿಗಿಂತ ಚೊಕ್ಕ ಬಂದಿತ್ತು. ಹೆಂಡತಿ ಇಲ್ಲ, ಮಗಳಿಲ್ಲ.

ನಾನು ಬಹಳ ಹೊತ್ತು ಅದನ್ನೇ ನೋಡಿದ್ದಿರಬೇಕು. ಶಂಕ್ರೆವ್ವ ಚಹಾ ತಂದಿಟ್ಟು ಕೂತಳು.

‘ಶಂಕ್ರೆವ್ವಾ’ ಎಂದೆ. ‘ಅವತ್ತು ನನ್ನ ಹತ್ರ ಇನ್ನೊಂದ ಬ್ಯಾಟ್ರಿ ಇತ್ತು.’

‘ಗೊತ್ತೈತ್ರಿ ಸರ.’

‘ಹೆಂಗ?’

‘ಎರಡೂ ನಾನಾ ಹಚ್ಚತಿದ್ನೆಲ್ರಿ. ಸಾಲೀದರ ಮ್ಯಾಲ ಗೀರ ಇತ್ತು. ನಿಮ್ದು ನುಣ್ಣಂದು. ಅವತ್ತ ಮುಂಜಾನೆ ಕೊಟ್ಟಿದ್ದು ನುಣ್ಣಂದು.’

ನೂರಾ ನಲವತ್ತು ತಾಟು ಗುರುತು ಹಿಡಿಯುವವಳಿಗೆ ಎರಡು ಬ್ಯಾಟರಿ ಯಾವ ಲೆಕ್ಕ. ಹದಿನಾಲ್ಕು ವರ್ಷ ನಾನು ಆಕೆಯನ್ನು ದಡ್ಡಿ ಎಂದು ನಂಬಿ ನಿದ್ದೆ ಮಾಡಿದ್ದೆ.

‘ಮತ್ತ ಯಾಕ ಹೇಳಲಿಲ್ಲ? ಹೆಡ್ ಸರ್ ಅಲ್ಲೇ ಇದ್ರಲ್ಲ.’

ಶಂಕ್ರೆವ್ವ ನನ್ನ ಚಹಾದ ಬಸಿಯನ್ನು ಸ್ವಲ್ಪ ಹತ್ತಿರ ಸರಿಸಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

‘ನೀವಾ ತಗೀತೀರಿ ಅಂತ ತಿಳಕೊಂಡಿದ್ನಿರಿ’ ಎಂದಳು. ‘ಕಿಸೇಕ ಕೈ ಹಾಕಿದ್ರಲ್ಲ.’

ಚಹಾ ಆರುತ್ತಿತ್ತು. ಕುಡಿಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಇಸವಿ, ತವರು ಏನೂ ಕೇಳದೆ ಎದ್ದು ಬಂದೆ.

ಅಂದು ಮನೆಗೆ ಹೋಗಿ ಬೀರು ಹುಡುಕಿದೆ. ಬ್ಯಾಟರಿ ಸಿಕ್ಕಿತು. ಹೊಟ್ಟೆ ಉಬ್ಬಿ ಹೋಗಿತ್ತು.

ಮರುದಿನದ ಸಭೆಗೆ ಊರೆಲ್ಲ ಬಂದಿತ್ತು. ವೇದಿಕೆಯ ಕುರ್ಚಿಯಲ್ಲಿ ಶಂಕ್ರೆವ್ವ ಹೊಸ ಇಳಕಲ್ಲ ಸೀರೆ ಉಟ್ಟು, ಸಾಲಿನ ತುದಿಗೆ ಕೂತಿದ್ದಳು. ಹೊನ್ನವ್ವ ಮುಂದಿನ ಸಾಲಿನಲ್ಲಿ. ನಾನು ಮೈಕಿನ ಮುಂದೆ ನಿಂತು ಪರಿಚಯದ ಕಾಗದ ತೆಗೆಯಲು ಕಿಸೆಗೆ ಕೈ ಹಾಕಿದೆ. ಕಾಗದದ ಜೊತೆ, ಬೆಳಗ್ಗೆ ಹಾಕಿಕೊಂಡು ಬಂದಿದ್ದ ಬ್ಯಾಟರಿಯೂ ಕೈಗೆ ತಗುಲಿತು. ತಿರುಗಿ ನೋಡಿದೆ. ಶಂಕ್ರೆವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

ಈ ಸಲ ತೆಗೆದೆ. ಮೇಜಿನ ಮೇಲೆ ಇಟ್ಟೆ. ಇದು ಏನು, ಎಲ್ಲಿಯದು, ಯಾರದು, ಅವತ್ತು ಎಲ್ಲಿತ್ತು ಎಂದು ಒಂದನ್ನೂ ಮುಚ್ಚಿಡದೆ ಹೇಳಿದೆ. ಹೊನ್ನವ್ವ ಸೆರಗು ಬಾಯಿಗೆ ಹಿಡಿದಳು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಕಾಯುತ್ತಿದ್ದೆ ಎಂದರೂ ಸರಿಯೇ.

ಯಾರೂ ಬೈಯಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ. ‘ಎಂಥಾ ದೊಡ್ಡ ಮನಸ್ರೀ ಸರ್‌ದು’ ಎಂದರು. ಧರೆಪ್ಪ ಎದ್ದು ಬಂದು, ಶಂಕ್ರೆವ್ವನಿಗೆ ತಂದ ಹಾರಗಳಲ್ಲೇ ಒಂದನ್ನು ನನ್ನ ಕೊರಳಿಗೆ ಹಾಕಿದ. ಎಲ್ಲರ ಮೊಬೈಲು ಮೇಲೆದ್ದವು. ಉಬ್ಬಿದ ಬ್ಯಾಟರಿಯ ಮುಂದೆ ನಿಂತ ನನ್ನ ಫೋಟೋ ಎಷ್ಟು ಜನ ತೆಗೆದರೋ ಲೆಕ್ಕವಿಲ್ಲ. ಒಂದಕ್ಕಿಂತ ಒಂದು ಚೊಕ್ಕ. ನನಗೆ ಆ ವೇದಿಕೆ ಬಾಯ್ದೆರೆದು ನುಂಗಬಾರದೇ ಎನ್ನಿಸಿತು. ಸತ್ತ ಬ್ಯಾಟರಿಯನ್ನು, ಕೇಳಬೇಕಾದ ಬಸಂತರಾಯ ಸರ್ ಇಲ್ಲವಾದ ಮೇಲೆ, ಕಳೆದುಕೊಳ್ಳುವುದು ಏನೂ ಉಳಿಯದ ಹೊತ್ತಿನಲ್ಲಿ ತೆಗೆದು ತೋರಿಸಿದ್ದೆ. ಅದಕ್ಕೆ ಹಾರ.

ಶಂಕ್ರೆವ್ವ ಚಪ್ಪಾಳೆ ಹೊಡೆಯಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

‘ಇಬ್ಬರದೂ ಒಂದ ಆಗ್ಲಿ ಸರ್’ ಎಂದು ಶೈಲಶ್ರೀ ಟೀಚರ್ ನಮ್ಮಿಬ್ಬರನ್ನೂ ವೇದಿಕೆಯ ಮುಂದೆ ನಿಲ್ಲಿಸಿದರು. ನಾನು ಹಾರ ತೆಗೆದು ಕೈಯಲ್ಲಿ ಹಿಡಿದೆ. ಶಂಕ್ರೆವ್ವ ಬಂದು ನಿಂತಳು. ನಮ್ಮ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದಳು.

‘ಇನ್ನೊಂಚೂರ ಹತ್ರ ಸರಿ ಶಂಕ್ರೆವ್ವಾ, ನಡಕ ಖಾಲಿ ಕಾಣಾಕತ್ತೈತಿ’ ಎಂದರು ಶೈಲಶ್ರೀ.

ಶಂಕ್ರೆವ್ವ ಸರಿಯಲಿಲ್ಲ. ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿ, ಸೆರಗು ಸರಿ ಮಾಡಿಕೊಂಡಳು.

‘ಇರ್ಲಿ ಬಿಡ್ರಿ ಅಕ್ಕೋರ’ ಎಂದಳು. ‘ಹಿಂಗಾ ತಗೀರಿ.’